ಬಂಗಾರ ಸಿಗದವನ ಪುಸ್ತಕ

1877ರ ವಸಂತದಲ್ಲಿ ರಿಚರ್ಡ್ ಫ್ರಾನ್ಸಿಸ್ ಬರ್ಟನ್ ಸೂಯೆಜ್ ಬಂದರಿನಲ್ಲಿ ಹಡಗು ಹತ್ತಿ ಕೆಂಪು ಸಮುದ್ರದ ಅರೇಬಿಯಾ ದಂಡೆಗೆ ಹೊರಟ. ಆಗ ಅವನಿಗೆ 56 ವರ್ಷ. ಮಾರುವೇಷದಲ್ಲಿ ಮೆಕ್ಕಾ ಹೊಕ್ಕು ಬಂದವನು, ನೈಲ್ ನದಿಯ ಮೂಲ ಹುಡುಕುತ್ತ ತಾಂಗನ್ಯಿಕಾ ಸರೋವರ ತಲುಪಿದವನು ಎಂಬ ಕೀರ್ತಿಯೆಲ್ಲ ಅಷ್ಟರಲ್ಲಿ ಹಳತಾಗಿತ್ತು. 1872ರಿಂದ ಅವನು ಟ್ರಿಯೆಸ್ಟ್ ಬಂದರಿನಲ್ಲಿ ಬ್ರಿಟಿಷ್ ಕಾನ್ಸಲ್. ಹೇಳಿಕೊಳ್ಳಲು ಹುದ್ದೆ, ನಿಜದಲ್ಲಿ ಮೂಲೆಗುಂಪು. ಅವನನ್ನು ಕಳಿಸಿದ ಈಜಿಪ್ಟಿನ ಖೆದಿವ್ ಇಸ್ಮಾಯಿಲ್‌ನ ಸ್ಥಿತಿ ಇನ್ನೂ ಕೆಟ್ಟದ್ದು. ಸಾಲ ತೀರಿಸಲಾಗದೆ ಅವನು 1875ರಲ್ಲಿ ಸೂಯೆಜ್ ಕಾಲುವೆಯ ತನ್ನ ಷೇರುಗಳನ್ನೇ ಬ್ರಿಟನ್ನಿಗೆ ಮಾರಿದ್ದ. ಸಾಲದ ದೊರೆ, ಮೂಲೆಗೆ ಬಿದ್ದ ಸಾಹಸಿ ಇಬ್ಬರೂ ಕೂಡಿ ಕಂಡ ಕನಸಿನ ಹೆಸರು ಮಿದ್ಯಾನ್.

ಬೈಬಲ್ಲಿನಲ್ಲಿ ಮೋಶೆ ಈಜಿಪ್ಟಿನಿಂದ ಓಡಿಹೋಗಿ ಕುರಿ ಕಾಯ್ದದ್ದು ಇದೇ ಮಿದ್ಯಾನಿನಲ್ಲಿ. ಕುರಾನಿನಲ್ಲಿ ಇದು ಶುಐಬ್ ಪ್ರವಾದಿಯ ಜನರ ನಾಡು. ಇವತ್ತಿನ ಸೌದಿ ಅರೇಬಿಯಾದ ವಾಯುವ್ಯ ಮೂಲೆಯಲ್ಲಿರುವ ಈ ಮರಳುಗಾಡಿನ ತುಂಬ ಹಾಳುಬಿದ್ದ ಊರುಗಳು, ಬಂಡೆ ಕೊರೆದು ಮಾಡಿದ ಗೋರಿಗಳು, ಬೂದಿ ಬಣ್ಣದ ಕಿಟ್ಟದ ರಾಶಿಗಳು. ಬರ್ಟನ್ ಎರಡು ಸಲ ಅಲ್ಲಿಗೆ ಹೋದ. ಮೊದಲ ಯಾತ್ರೆ ಕೆಲವೇ ವಾರಗಳದು. ಎರಡನೆಯದು 1877ರ ಡಿಸೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ನಡೆಯಿತು. ಎರಡಕ್ಕೂ ಒಂದೊಂದು ಪುಸ್ತಕ ಬಂತು: 1878ರಲ್ಲಿ ‘ಮಿದ್ಯಾನಿನ ಚಿನ್ನದ ಗಣಿಗಳು ಮತ್ತು ಹಾಳುಬಿದ್ದ ಮಿದ್ಯಾನಿ ನಗರಗಳು’ ಎಂಬ ಅರ್ಥದ ಉದ್ದ ಹೆಸರಿನದು, 1879ರಲ್ಲಿ ‘ಮತ್ತೆ ಕಂಡ ಮಿದ್ಯಾನ್ ನಾಡು’ ಎಂದು ಕರೆಯಬಹುದಾದ ಎರಡು ಸಂಪುಟ. ಕೊನೆಗೆ 25 ಟನ್ ಕಲ್ಲು ಹೇರಿಕೊಂಡು ಬಂದ. ಪರೀಕ್ಷೆ ಮಾಡಿಸಿದರೆ ಹೇಳಿಕೊಳ್ಳುವಂಥ ಬಂಗಾರ ಅದರಲ್ಲಿರಲಿಲ್ಲ. 1879ರಲ್ಲಿ ಖೆದಿವ್‌ನನ್ನೇ ಗಾದಿಯಿಂದ ಇಳಿಸಿದರು. ಅಲ್ಲಿಗೆ ಕಥೆ ಮುಗಿಯಿತು.

ನಾನು ಬೆಳೆದದ್ದು ಬೀದರಿನ ಪಕ್ಕದ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರ ಗುಮ್ಮಟಗಳ ಬದಿಗೆ. ಹಾಳುಬಿದ್ದ ಕಟ್ಟಡ ಅಂದರೆ ಅದರ ಅಡಿಯಲ್ಲಿ ಏನೋ ಇರಲೇಬೇಕು ಎಂದು ನಂಬುವ ಊರು ನಮ್ಮದು. ನಮ್ಮದೊಂದೇ ಅಲ್ಲ ಬಿಡಿ, ಕನ್ನಡದ ಯಾವ ಜಿಲ್ಲೆಯ ಪುರವಣಿ ತೆರೆದರೂ ಅಮಾವಾಸ್ಯೆಯ ರಾತ್ರಿ ನಿಧಿಗಾಗಿ ಗುಡಿಯ ಗರ್ಭಗುಡಿ ಅಗೆದವರ ಸುದ್ದಿ ಆಗಾಗ ಕಾಣುತ್ತದೆ. ಬರ್ಟನ್ನನ ಈ ಪುಸ್ತಕಗಳನ್ನು ಓದುವಾಗ ನನಗೆ ಇಂಗ್ಲೆಂಡಿನ ರಾಜಧಾನಿಯ ಭೂಗೋಳ ಸಂಘಕ್ಕಿಂತ ಈ ಅಗೆಯುವವರೇ ಹೆಚ್ಚು ನೆನಪಾದರು. ಅವರು ಅಂಜನ ಹಾಕಿಸಿ ನೋಡುತ್ತಾರೆ, ಬರ್ಟನ್ ಟಾಲೆಮಿಯ ಭೂಗೋಳ ಮತ್ತು ಬೈಬಲ್ಲಿನ ಅರಣ್ಯಕಾಂಡ ಬಿಡಿಸಿ ನೋಡುತ್ತಾನೆ. ಇಬ್ಬರಿಗೂ ಕಾಣುವುದು ಮೊದಲೇ ಬೇಕಾಗಿದ್ದದ್ದು.

ಪುಸ್ತಕವಾಗಿ ಇವು ಹೇಗಿವೆ? ನೇರವಾಗಿ ಹೇಳುತ್ತೇನೆ, ಓದಿಸಿಕೊಂಡು ಹೋಗುವ ಪುಸ್ತಕಗಳಲ್ಲ. ಬರ್ಟನ್ ಎಲ್ಲವನ್ನೂ ತುಂಬುತ್ತಾನೆ. ಒಂದು ಕಣಿವೆಯ ಹೆಸರು ಬಂದರೆ ಅದರ ವ್ಯುತ್ಪತ್ತಿ, ಅದನ್ನು ಹಿಂದೆ ತಪ್ಪಾಗಿ ಬರೆದವರ ಪಟ್ಟಿ, ಅವರಿಗೆ ಒಂದೊಂದು ಪೆಟ್ಟು. ಒಂಟೆ ಬಾಡಿಗೆಗೆ ಶೇಖರ ಜೊತೆ ಜಗಳ. ಎರಡನೆಯ ಪುಸ್ತಕದ ಕೊನೆಗೆ ಯಾತ್ರೆಯ ಖರ್ಚಿನ ಲೆಕ್ಕ, ಸಸ್ಯಗಳ ಪಟ್ಟಿ, ಹವಾಮಾನದ ದಿನಚರಿ. ಕೃತಿಗೆ ಆಕಾರವೇ ಇಲ್ಲ. ಆದರೆ ಈ ಅನಾಕಾರಕ್ಕೆ ಕಾರಣವಿದೆ, ಮತ್ತು ಆ ಕಾರಣದಲ್ಲೇ ಇವುಗಳ ಆಸಕ್ತಿ ಇದೆ. ಬಂಗಾರ ಸಿಕ್ಕಿದ್ದರೆ ಪುಸ್ತಕ ಒಂದು ಗೆರೆಯಲ್ಲಿ ನಡೆಯುತ್ತಿತ್ತು: ಸುಳಿವು, ಹುಡುಕಾಟ, ಫಲ. ಫಲ ಸಿಗದ ಕಡೆಯಲ್ಲೆಲ್ಲ ಬರ್ಟನ್ ಬೇರೆ ಏನನ್ನಾದರೂ ಇಡಬೇಕಾಗುತ್ತದೆ. ಚಿಪ್ಪು, ನಾಣ್ಯ, ಗಿಡ, ಗೋಡೆಯ ಮೇಲೆ ಯಾರೋ ದಾರಿಹೋಕ ಗೀಚಿದ ಅಕ್ಷರ. ಖಾಲಿ ಚೀಲ ತೋರಿಸಲು ನಾಚಿ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಬಂದವನ ಹಾಗೆ. ಇಂದು ಈ ಪುಸ್ತಕಗಳ ಪುಟ ತಿರುಗಿಸುವವರು ತಿರುಗಿಸುವುದು ಆ ಚೀಲಕ್ಕಾಗಿಯೇ.

ಗೋರಿಗಳ ವಿಷಯ ತೆಗೆದುಕೊಳ್ಳಿ. ಮಘಾಯಿರ್ ಶುಐಬ್, ಅಂದರೆ ಶುಐಬನ ಗವಿಗಳು ಎಂಬ ಜಾಗದಲ್ಲಿ ಬೆಟ್ಟದ ಮೈಗೆ ಕೊರೆದ ಸಾಲು ಸಾಲು ಗೋರಿಗಳಿವೆ. ಪೆಟ್ರಾ ಕಟ್ಟಿದ ನಬಾತಿಯನ್ನರ ಕೆಲಸ ಎಂದು ಇವತ್ತು ವಿದ್ವಾಂಸರು ಗುರುತಿಸುತ್ತಾರೆ. ಬರ್ಟನ್ ಅಲ್ಲಿ ಅಳತೆ ಮಾಡುತ್ತಾನೆ, ಜೊತೆಗೆ ಬಂದ ಚಿತ್ರಕಾರನಿಂದ ಚಿತ್ರ ಬರೆಸುತ್ತಾನೆ, ಗೋರಿಯ ಮುಂಭಾಗದ ಕೆತ್ತನೆಯನ್ನು ಅವಸರವಿಲ್ಲದೆ ವಿವರಿಸುತ್ತಾನೆ. ಆ ಪುಟಗಳಲ್ಲಿ ಅವನ ಗದ್ಯಕ್ಕೆ ಉಸಿರು ಬರುತ್ತದೆ. ಮತ್ತೆ ಬೆಣಚುಕಲ್ಲಿನ ಒಂದು ಗೆರೆ ಕಂಡಿತೋ, ಉಸಿರು ಹೋಯಿತು. ಊರ ಹಾಳು ಕಂಡರೆ ಅದು ಗಣಿಗಾರರ ಊರು, ಕಪ್ಪು ಕಲ್ಲು ಕಂಡರೆ ಅಲ್ಲೊಂದು ಕುಲುಮೆ. ಆ ಊರಿನಲ್ಲಿ ಮದುವೆ, ಜಗಳ, ಪೂಜೆ, ಬರ, ಹೆರಿಗೆ ಇದ್ದಿರಬಹುದು ಎಂಬುದು ಅವನಿಗೆ ಹೊಳೆಯುವುದೇ ಅಪರೂಪ.

ಇದೇ ಬರ್ಟನ್ 1853ರಲ್ಲಿ ಮದೀನಾ, ಮೆಕ್ಕಾಗಳಿಗೆ ಹೋಗಿ ಬಂದು ಬರೆದ ಯಾತ್ರಾಕಥನದಲ್ಲಿ ಹೀಗಿರಲಿಲ್ಲ. ಅಲ್ಲಿ ಅವನು ವೇಷ ಹಾಕಿದ್ದ. ನೀರಿನ ಲೋಟ ಹಿಡಿಯುವ ರೀತಿ ತಪ್ಪಿದರೂ ಪ್ರಾಣಕ್ಕೆ ಸಂಚಕಾರ. ಹಾಗಾಗಿ ಕೂತವರ, ನಿಂತವರ, ಉಂಡವರ ಪ್ರತಿ ಚಲನೆಯನ್ನೂ ಅವನು ನೋಡಲೇಬೇಕಿತ್ತು. ಎಡ್ವರ್ಡ್ ಸೈದ್ 1978ರ ತಮ್ಮ ‘ಓರಿಯಂಟಲಿಸಂ’ನಲ್ಲಿ ಬರ್ಟನ್ನನನ್ನು ಚರ್ಚಿಸುತ್ತ, ಪೂರ್ವದ ಬದುಕಿನ ಕಟ್ಟಳೆಗಳನ್ನು ಒಳಗಿನಿಂದ ಬಲ್ಲ ಬಂಡಾಯಗಾರ ಇವನು, ಆದರೂ ಇವನ ದನಿ ಕೊನೆಗೆ ಸಾಮ್ರಾಜ್ಯದ ದನಿಯಲ್ಲಿ ಸೇರಿಹೋಗುತ್ತದೆ ಎಂಬ ಒಳತಿಕ್ಕಾಟವನ್ನು ತೋರಿಸುತ್ತಾರೆ. ಮಿದ್ಯಾನಿನ ಪುಸ್ತಕಗಳಲ್ಲಿ ಆ ತಿಕ್ಕಾಟವೇ ಇಲ್ಲ. ವೇಷ ಇಲ್ಲ, ಭಯ ಇಲ್ಲ. ಸರ್ಕಾರಿ ಹಡಗು, ಖೆದಿವ್‌ನ ಸಿಪಾಯಿಗಳು, ಫ್ರೆಂಚ್ ಗಣಿ ಎಂಜಿನಿಯರ್ ಒಬ್ಬ. ಜನರನ್ನು ಗಮನಿಸುವ ಅಗತ್ಯವೇ ಇಲ್ಲದವನು ಜನರನ್ನು ಹೇಗೆ ಕಾಣುತ್ತಾನೋ ಹಾಗೆ ಕಂಡಿದ್ದಾನೆ: ಕೂಲಿ ಕೇಳುವವರು, ದಾರಿ ತಪ್ಪಿಸುವವರು, ಸುಳಿವು ಕೊಡುವವರು.

ಸುಳಿವು ಕೊಟ್ಟವನ ಹೆಸರು ಹಾಜಿ ವಲಿ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ನಿಜವಾದ ಪಾತ್ರ ಅವನೇ. 1853ರಲ್ಲಿ ಕೈರೋದ ಮುಸಾಫಿರಖಾನೆಯಲ್ಲಿ ಬರ್ಟನ್ನನಿಗೆ ಸಿಕ್ಕ ವ್ಯಾಪಾರಿ. ರಷ್ಯಾದಲ್ಲಿ ಹುಟ್ಟಿದವನು, ತೆಳು ಕೆಂಪು ಗಡ್ಡದವನು. ಪಾರಸಿ ದರ್ವೇಶಿಯ ವೇಷ ಬೇಡ, ಹೋದಲ್ಲಿ ಬಂದಲ್ಲಿ ಕಷ್ಟ, ಪಠಾಣನಾಗು ಎಂದು ಬುದ್ಧಿ ಹೇಳಿದವನೇ ಈ ಹಾಜಿ. ಮೆಕ್ಕಾ ಯಾತ್ರೆ ಗೆದ್ದದ್ದು ಅರ್ಧ ಅವನ ಮಾತಿನಿಂದ. ಅವನೇ ಇನ್ನೊಂದು ಗುಟ್ಟನ್ನೂ ಹೇಳಿದ್ದ: ಹಜ್ ದಾರಿಯಲ್ಲಿ ಮಿದ್ಯಾನಿನ ಒಂದು ಕಣಿವೆಯಲ್ಲಿ ಹಿಡಿ ಮರಳು ತೆಗೆದುಕೊಂಡು ಬಂದು ಅಲೆಕ್ಸಾಂಡ್ರಿಯಾದಲ್ಲಿ ಪರೀಕ್ಷೆ ಮಾಡಿಸಿದೆ, ಅದರಲ್ಲಿ ಬಂಗಾರವಿತ್ತು ಎಂದು. ಬರ್ಟನ್ ಅದನ್ನು ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಕಿವಿಗೆ ಹಾಕಿದ. ಯಾರೂ ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದ ಮೇಲೆ, ಬೇರೆಲ್ಲ ಬಾಗಿಲು ಮುಚ್ಚಿದಾಗ, ಬರ್ಟನ್ನನಿಗೆ ಆ ಹಿಡಿ ಮರಳು ನೆನಪಾಯಿತು. ಝಗಾಝಿಗ್ ಪಟ್ಟಣದಲ್ಲಿದ್ದ ಮುದುಕನನ್ನು ಹುಡುಕಿ ಹಡಗು ಹತ್ತಿಸಿದ.

ಒಬ್ಬ ಕಾದಂಬರಿಕಾರನ ಕೈಗೆ ಸಿಕ್ಕರೆ ಇದೊಂದೇ ಸಾಕು. ಹಾಜಿ ವಲಿಗೆ ಆ ಗುಟ್ಟು ಇಷ್ಟು ವರ್ಷ ಏನಾಗಿತ್ತು? ಹೇಳಿ ಹೇಳಿ ಸವೆದ ಕಥೆಯೋ? ಮುಪ್ಪಿನಲ್ಲಿ ಒಬ್ಬ ಹಳೆ ಗೆಳೆಯ ಸರ್ಕಾರದ ಹಡಗು ತಂದು ನಿಲ್ಲಿಸಿ, ನಡೆ, ತೋರಿಸು ಎಂದಾಗ ಎದೆಯಲ್ಲಿ ಏನಾಯಿತು? ಬರ್ಟನ್ ಈ ಯಾವುದಕ್ಕೂ ಬಾಯಿ ಬಿಡುವುದಿಲ್ಲ. ಮೊದಲ ಪುಸ್ತಕದಲ್ಲಿ ಹಾಜಿ ಒಂದು ಸಲಕರಣೆ. ಮೆಕ್ಕಾ ಪುಸ್ತಕದಲ್ಲಿ ಮುಖ ಇದ್ದ ಮನುಷ್ಯ ಮಿದ್ಯಾನಿನಲ್ಲಿ ಬರೀ ಬೆರಳಾಗಿ ಉಳಿದಿದ್ದಾನೆ, ದಿಕ್ಕು ತೋರಿಸಲು.

ಇಷ್ಟು ಹೇಳಿದ ಮೇಲೆ ಬರ್ಟನ್ನನನ್ನು ಮೂರ್ಖ ಎಂದು ನಕ್ಕುಬಿಡುವುದು ಸುಲಭ. ನಮ್ಮ ನಾಡಿನವರಿಗೆ ಆ ಸುಲಭದ ದಾರಿ ಇಲ್ಲ. ಯಾಕೆಂದರೆ ಅವನ ತರ್ಕವನ್ನೇ ಹಿಡಿದು ಹೊರಟ ಇನ್ನೊಬ್ಬ ಅದೇ ವರ್ಷಗಳಲ್ಲಿ ಕೋಲಾರದಲ್ಲಿ ಗೆದ್ದ. 1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟ್ ಮೈಸೂರಿನ ಗಡಿ ಸರ್ವೆ ಮಾಡುತ್ತಿದ್ದಾಗ ಈ ಸೀಮೆಯಲ್ಲಿ ಬಂಗಾರವಿದೆ ಎಂಬ ಮಾತು ಕೇಳಿ, ತೋರಿಸಿದವರಿಗೆ ಇನಾಮು ಎಂದು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರು ತೊಳೆದು ಬಂಗಾರದ ಪುಡಿ ತೆಗೆದು ತೋರಿಸಿದರು. ಅವನು ಬರೆದದ್ದು 1804ರಲ್ಲಿ ಅಚ್ಚಾಯಿತು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲಿನ ಯುದ್ಧ ಮುಗಿಸಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸಿಪಾಯಿ 1871ರಲ್ಲಿ ಆ ಕೆಲವೇ ಪುಟದ ಬರಹ ಓದಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಮುಂದಿನದು ಗೊತ್ತಿರುವ ಚರಿತ್ರೆ: ಮೂರು ಕಿಲೋಮೀಟರಿಗೂ ಆಳದ ಗಣಿ, ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್ತು, ಸಿಲಿಕೋಸಿಸ್‌ನಲ್ಲಿ ಕೆಮ್ಮಿ ಸತ್ತವರು, 2001ರಲ್ಲಿ ಬಾಗಿಲು. ಸಿನಿಮಾದವರ ಕೆಜಿಎಫ್ ಬೇರೆ, ಅದರ ಮಾತು ಇಲ್ಲಿ ಬೇಡ.

ಹಳಬರು ಅಗೆದ ಕಡೆಯಲ್ಲೇ ಅಗೆ ಎಂಬುದು ಆ ತರ್ಕ. ಹಟ್ಟಿಯಲ್ಲೂ ಅದು ನಿಜವಾಯಿತು. ಲಿಂಗಸೂಗೂರು ತಾಲೂಕಿನ ಆ ಗಣಿಯಲ್ಲಿ ಇಂಗ್ಲಿಷರು ಇಳಿದಾಗ ತಮಗಿಂತ ಸುಮಾರು 2000 ವರ್ಷ ಮೊದಲು ಇಳಿದವರ ಗುಂಡಿಗಳು ಸಿಕ್ಕವು. 600 ಅಡಿಗೂ ಆಳಕ್ಕೆ, ಬಂಡೆಗೆ ಬೆಂಕಿ ಕೊಟ್ಟು ಕಾಯಿಸಿ, ಒಡೆದು, ಅವರು ಹೋಗಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ವಾರನ್‌ನ ಎದುರು ಮಣ್ಣು ತೊಳೆದವರ ಹೆಸರೂ ಇಲ್ಲ. ಹಾಜಿ ವಲಿಗೆ ಹೆಸರಾದರೂ ಉಳಿಯಿತು. ಹಾಗಾಗಿ ಬರ್ಟನ್ನನ ಪುಸ್ತಕ ಸೋತದ್ದು ಬಂಗಾರ ಸಿಗಲಿಲ್ಲವೆಂದು ಎಂದು ಹೇಳಿದರೆ ನಾವು ಅವನ ಅಳತೆಗೋಲನ್ನೇ ಒಪ್ಪಿಕೊಂಡಂತೆ. ಬಂಗಾರ ಸಿಕ್ಕ ಕಡೆಯ ಬರಹಗಳಲ್ಲೂ ಅದೇ ಸೋಲು ಇದೆ: ತೋರಿಸಿದ ಕೈ ಕಾಣುತ್ತದೆ, ಕೈಯ ಹಿಂದಿನ ಮನುಷ್ಯ ಕಾಣುವುದಿಲ್ಲ.

ಬರ್ಟನ್ನನ ಕಾಲದಲ್ಲೇ, ನಮ್ಮ ಕಡೆಯಲ್ಲೇ, ಬೇರೆ ಥರ ಅಗೆದವನೂ ಒಬ್ಬನಿದ್ದ. ಸುರಪುರದ ಮೆಡೋಸ್ ಟೇಲರ್. ಅವನ ಆತ್ಮಕಥೆ ‘ನನ್ನ ಬದುಕಿನ ಕಥೆ’ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಬಂತು. ಬರ್ಟನ್ ಮಿದ್ಯಾನಿಗೆ ಹೊರಟ ವರ್ಷವೂ ಅದೇ. ಜೇವರ್ಗಿ ಬಳಿ ಮತ್ತು ಸುರಪುರದ ಸುತ್ತ ಶಿಲಾಯುಗದ ಮುಂದಿನ ಕಾಲದ ಕಲ್ಗೋರಿಗಳನ್ನು ಅವನು ತೆರೆಸಿದ. ಸಿಕ್ಕದ್ದು ಎಲುಬು, ಕಬ್ಬಿಣದ ಭರ್ಚಿ, ಮಡಕೆ. ಒಂದು ಗೋರಿಯನ್ನು ಸೀಳಿ ನೋಡಿದರೆ ಯಾವ ಪದರದಲ್ಲಿ ಏನಿದೆ ಎಂದು ಅವನು ಬರೆದಿಟ್ಟ ಚಿತ್ರಗಳನ್ನು ಮುಂದೆ ಮಾರ್ಟಿಮರ್ ವೀಲರ್ ಮೆಚ್ಚಿದ. ಎಲುಬಿಗೂ ಬೆಲೆ ಇದೆ ಎಂದು ತಿಳಿದವನು ಬರೆದ ಬರಹ ಅದು, ಬರ್ಟನ್ನನ ಗದ್ದಲವಿಲ್ಲ. ಆದರೆ ಟೇಲರನಿಗೂ ಒಂದು ಬಂಗಾರ ಬೇಕಾಗಿತ್ತು. ಈ ಗೋರಿಗಳು ಕೆಲ್ಟರವೋ, ಡ್ರೂಯಿಡರವೋ, ಸಿಥಿಯನ್ನರವೋ ಆಗಿರಬೇಕು ಎಂದು ಅವನ ಆಸೆ. ಐರ್ಲೆಂಡಿನಲ್ಲಿ ಕಂಡ ಕಲ್ಲಿನ ಹಾಗೇ ಇವೆಯಲ್ಲ ಎಂಬ ಪುಳಕ. ಊರಿನವರು ಅವನ್ನು ಮೋರಿಯರ ಮನೆ ಎನ್ನುತ್ತಿದ್ದರು, ಗುಬ್ಬಚ್ಚಿಯಂಥ ಗಿಡ್ಡ ಜನ ಇದ್ದ ಮನೆಗಳೆಂದು ಕಥೆ ಹೇಳುತ್ತಿದ್ದರು. ಆ ಕಥೆ ಅವನಿಗೆ ಒಂದು ಸ್ವಾರಸ್ಯ, ಅಷ್ಟೇ. ಒಬ್ಬ ಹಾಳಿನಲ್ಲಿ ಗಣಿ ಹುಡುಕಿದ, ಇನ್ನೊಬ್ಬ ನೆಂಟರನ್ನು ಹುಡುಕಿದ. ಯಾವುದು ಕಡಿಮೆ ಕೆಡುಕು ಎಂದು ಕೇಳಿದರೆ ನಾನು ಟೇಲರನ ಕಡೆ. ಅವನು ಕನಿಷ್ಠ ಸುರಪುರದಲ್ಲಿ ಹತ್ತು ವರ್ಷಕ್ಕೂ ಮೇಲೆ ಬದುಕಿದ, ಅವರ ಸಾವಿಗೆ ಅತ್ತ.

ಇನ್ನು ಮಸ್ಕಿ. ಇದು ವಿಕ್ಟೋರಿಯಾ ಕಾಲ ಮುಗಿದ ಮೇಲಿನ ಮಾತು, ಆದರೆ ಬರ್ಟನ್ನನ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇರೆ ಇಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯ ಸುತ್ತ ಬಂಗಾರದ ಸುಳಿವು ಹುಡುಕುತ್ತಿದ್ದ. ಸಿಕ್ಕದ್ದು ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ ಬರಹ. ಪಂಡಿತ ಎಚ್. ಕೃಷ್ಣಶಾಸ್ತ್ರಿ ಓದಿದರು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲೆಲ್ಲ ಅರಸ ತನ್ನನ್ನು ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಇವನೇ ಅಶೋಕ ಎಂಬುದು ಸಿಂಹಳದ ಗ್ರಂಥಗಳನ್ನು ಹೋಲಿಸಿ ಮಾಡಿದ ಊಹೆ. ಮಸ್ಕಿಯ ಬಂಡೆಯಲ್ಲಿ ಹೆಸರೇ ಇತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ಆದರೆ ಮೊದಲು ಕಂಡದ್ದು ಬಂಗಾರಕ್ಕೆ ಹೋದವನಿಗೆ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಿ. ಬ್ರಹ್ಮಗಿರಿಯ ಅಶೋಕ ಶಾಸನ ಹೊರಟದ್ದು ಸುವರ್ಣಗಿರಿ ಎಂಬ ಊರಿನಿಂದ. ಅದು ಮಸ್ಕಿಯೋ ಕನಕಗಿರಿಯೋ ಎಂಬ ಚರ್ಚೆ ಇದೆ. ಮೌರ್ಯರು ಇಷ್ಟು ದೂರ ದಕ್ಷಿಣಕ್ಕೆ ಬಂದದ್ದೇ ಈ ಬಂಗಾರಕ್ಕೆ ಎಂದು ಹೇಳುವವರಿದ್ದಾರೆ. ಅಂದರೆ ಅಶೋಕನ ಜನವೂ ಒಂದರ್ಥದಲ್ಲಿ ಬರ್ಟನ್ನನ ಹಿರಿಯರು. ಬಂಗಾರಕ್ಕೆ ಬಂದರು, ಬಂಡೆಯ ಮೇಲೆ ಮಾತು ಬರೆದಿಟ್ಟು ಹೋದರು. ಬಂಗಾರ ಏನಾಯಿತೋ, ಮಾತು ಅಲ್ಲೇ ಇದೆ. ಬರ್ಟನ್ನನ ಬದುಕಿನಲ್ಲೂ ಹೀಗೇ ಆಯಿತು. ಮಿದ್ಯಾನಿನ ಮೇಲೆ 1881–82ರಲ್ಲಿ ಅವನು ಆಫ್ರಿಕದ ಗೋಲ್ಡ್ ಕೋಸ್ಟಿಗೂ ಬಂಗಾರಕ್ಕೆ ಹೋದ, ಬರಿಗೈಲಿ ಬಂದ. ಅವನಿಗೆ ದುಡ್ಡು ಎಂದು ಸಿಕ್ಕದ್ದು 1885ರಲ್ಲಿ, ಅರೇಬಿಯನ್ ರಾತ್ರಿಗಳ ಅನುವಾದದಿಂದ. ಚಂದಾದಾರರಿಗೆಂದು ಸಾವಿರ ಪ್ರತಿ ಅಚ್ಚು ಹಾಕಿಸಿ, ಖರ್ಚು ಕಳೆದು ಸುಮಾರು 10,000 ಗಿನಿ ಉಳಿಸಿದ. ಅರಬ್ಬರ ಮರಳಿನಲ್ಲಿ ಸಿಗದ್ದು ಅವರ ಕಥೆಗಳಲ್ಲಿ ಸಿಕ್ಕಿತು.

ಈಗ ಅಷ್ಟೂರಿಗೆ ಬರುತ್ತೇನೆ, ಯಾಕೆಂದರೆ ಹಾಳು ಮತ್ತು ಬಂಗಾರ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಲು ನನಗೆ ಗೊತ್ತಿರುವ ಜಾಗ ಅದು. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಅವನ ಗುಮ್ಮಟದ ಒಳಮೈ ತುಂಬ ಕೆಂಪು ಮತ್ತು ಕಡು ಬಣ್ಣಗಳ ಮೇಲೆ ಬಂಗಾರದ ಅಕ್ಷರ. ಹೊರಗಿಂದ ನೋಡಿದರೆ ಬರೀ ಗಾರೆಯ ದೊಡ್ಡ ಗುಮ್ಮಟ. ಒಳಗೆ ಹೋದರೆ ಕತ್ತಲು. ನೋಡಿಕೊಳ್ಳುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸಿದರೆ, ಬೆಳಕಿನ ಒಂದು ತುಂಡು ಗೋಡೆಯ ಮೇಲೆ ಹರಿದಾಡುತ್ತದೆ, ಅದು ಹೋದಲ್ಲೆಲ್ಲ ಅಕ್ಷರ ಉರಿಯುತ್ತದೆ. ಪಕ್ಕದಲ್ಲೇ ಹುಮಾಯೂನ್‌ನ ಗುಮ್ಮಟ. ಜಾಲಿಮ್ ಎಂದು ಹೆಸರಾದವನು, ಸಿಡಿಲು ಬಡಿದು ಗುಮ್ಮಟ ಅರ್ಧಕ್ಕೆ ಸೀಳಿದೆ. ಬಂಗಾರಕ್ಕೆ ಒಡೆದದ್ದು ಅದು ಎಂದು ನಮ್ಮ ಓಣಿಯ ಹುಡುಗರು ಹೇಳುತ್ತಿದ್ದರು. ಬಂಗಾರ ಬಗಲಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರುವಾಗ, ಕಾಣದ ಬಂಗಾರ ಒಡೆದ ಗುಮ್ಮಟದ ಅಡಿಯಲ್ಲಿದೆ ಎಂದು ನಂಬುವುದೇ ನಿಧಿಯ ಹುಚ್ಚು.

ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ದೊಡ್ಡ ಪುಸ್ತಕದಲ್ಲಿ ಈ ಅಕ್ಷರಗಳನ್ನು ಓದಿದರು. ಕಿರ್ಮಾನಿನ ಶಾ ನೇಮತುಲ್ಲಾ ವಲಿಯ ಪರಂಪರೆಗೆ ಸೇರಿದ ಬರಹಗಳು ಅವು. ಬರ್ಟನ್ನನಿಗಿಂತ ಯಜ್ದಾನಿ ದೊಡ್ಡ ಗದ್ಯಕಾರರಲ್ಲ. ಆದರೆ ಗೋಡೆಯ ಮೇಲೆ ಬಂಗಾರ ಕಂಡಾಗ ಅದರಲ್ಲಿ ಏನು ಬರೆದಿದೆ ಎಂದು ಕೇಳುವ ಅಭ್ಯಾಸ ಅವರಿಗಿತ್ತು.

ಅಹ್ಮದ್ ಶಾನನ್ನು ನಮ್ಮ ಕಡೆಯ ಲಿಂಗಾಯತರು ಅಲ್ಲಮಪ್ರಭು ಎಂದು ನಂಬುತ್ತಾರೆ. ಉರುಸಿಗೆ ಇಬ್ಬರೂ ಬರುತ್ತಾರೆ, ಒಂದೇ ಗೋರಿಗೆ ಎರಡು ಹೆಸರಿನಿಂದ ಕೈ ಮುಗಿಯುತ್ತಾರೆ. ಹೇಗೆ ಈ ಎರಡು ಕೂಡಿದವು ಎಂಬುದು ಬೇರೆ ಲೇಖನದ ವಿಷಯ. ನನಗೆ ಇಲ್ಲಿ ಬೇಕಾದದ್ದು ಅಲ್ಲಮನ ಬಗ್ಗೆ ಹರಿಹರ ‘ಪ್ರಭುದೇವರ ರಗಳೆ’ಯಲ್ಲಿ ಹೇಳುವ ಒಂದು ಘಟನೆ. ಕಮಲತೆ ಜ್ವರದಲ್ಲಿ ತೀರಿಕೊಂಡ ಮೇಲೆ ದಿಕ್ಕೆಟ್ಟು ಅಲೆಯುವ ಅಲ್ಲಮ ಊರಾಚೆಯ ತೋಪಿನಲ್ಲಿ ಕೂತು ಕಾಲುಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಾನೆ. ಮಣ್ಣಿನೊಳಗೆ ಏನೋ ಮಿರುಗುತ್ತದೆ: ಬಂಗಾರದ ಕಳಸದ ತುದಿ. ಅಗೆದರೆ ಶಿಖರ, ಶಿಖರದಡಿ ಹೂತುಹೋದ ಗುಡಿ, ಮುಚ್ಚಿದ ಬಾಗಿಲು. ಒಳಗೆ ರೆಪ್ಪೆ ಮಿಟುಕಿಸದ ಅನಿಮಿಷಯ್ಯ, ಅಂಗೈಯಲ್ಲಿ ಲಿಂಗ. ಅಲ್ಲಮ ಅದನ್ನು ತೆಗೆದುಕೊಳ್ಳುತ್ತಿದ್ದಂತೆ ಆ ಯೋಗಿಯ ಪ್ರಾಣ ಹೋಗುತ್ತದೆ.

ಹಾಳು, ಬಂಗಾರ, ಅಗೆತ ಮೂರೂ ಇರುವ ಕನ್ನಡದ ದೊಡ್ಡ ಕಥೆ ಇದು. ಬರ್ಟನ್ನನ ಪುಸ್ತಕದ ಪಕ್ಕ ಇಟ್ಟರೆ ಇದರ ನಡಿಗೆ ತಿರುಗುಮುರುಗು. ಅಲ್ಲಿ ಹಾಳಿನ ಮೂಲಕ ಬಂಗಾರಕ್ಕೆ ಹೋಗುವ ದಾರಿ, ಇಲ್ಲಿ ಬಂಗಾರದ ಮೂಲಕ ಹಾಳಿನೊಳಕ್ಕೆ. ಕಳಸ ಇಲ್ಲಿ ಒಂದು ವಿಳಾಸ. ಕಥೆ ಅದರಲ್ಲಿ ನಿಲ್ಲುವುದಿಲ್ಲ. ಆದರೆ ಹರಿಹರನ ಕಥೆಯನ್ನು ಬರೀ ಪವಿತ್ರ ಎಂದು ಓದಿದರೂ ಅರ್ಧ ಓದಿದಂತೆ. ಬಾಗಿಲು ತೆರೆದು ಒಳಹೊಕ್ಕದ್ದಕ್ಕೆ ಒಂದು ಜೀವ ಹೋಗಿದೆ. ಕೊಟ್ಟವನು ಉಳಿಯಲಿಲ್ಲ, ಪಡೆದವನು ನಡೆದ. ಮುಚ್ಚಿದ್ದನ್ನು ತೆರೆಯುವುದು ಎಷ್ಟೇ ದೊಡ್ಡ ಕಾರಣಕ್ಕಾದರೂ ಹಗುರವಾದ ಕೆಲಸವಲ್ಲ ಎಂಬ ಅಳುಕು ಆ ರಗಳೆಯಲ್ಲಿದೆ. ಬರ್ಟನ್ನನ ಸಾವಿರ ಪುಟದಲ್ಲಿ ನಾನು ಹುಡುಕಿದ್ದು ಇಂಥ ಒಂದು ಅಳುಕನ್ನು. ಗೋರಿಯೊಳಗೆ ಎಲುಬು ಕಂಡಾಗಲೂ ಅವನಲ್ಲಿ ಅದು ಹುಟ್ಟುವುದಿಲ್ಲ. ಅನಿಮಿಷಯ್ಯನ ಜಾಗದಲ್ಲಿ ಅವನಿಗೆ ಸಿಕ್ಕಿದ್ದವನು ಹಾಜಿ ವಲಿ, ಹಿಡಿ ಮರಳನ್ನು ಅಂಗೈಯಲ್ಲಿಟ್ಟುಕೊಂಡು ಇಪ್ಪತ್ತನಾಲ್ಕು ವರ್ಷ ಕಾದವನು. ಅವನ ಮುಖವನ್ನೊಮ್ಮೆ ನೋಡಿ ಬರೆದಿದ್ದರೆ ಈ ಪುಸ್ತಕಗಳ ಗತಿ ಬೇರೆಯಾಗುತ್ತಿತ್ತು.

ಬರ್ಟನ್ನನ ಮೊದಲ ಪುಸ್ತಕ ಬಂದ 1878ರಲ್ಲೇ ಬ್ರಿಟಿಷ್ ಸರ್ಕಾರ ಭಾರತದಲ್ಲಿ ನಿಧಿ ಕಾಯಿದೆ ತಂದಿತು. ನೆಲದಲ್ಲಿ ಹೂತಿಟ್ಟ 10 ರೂಪಾಯಿಗೆ ಮೇಲ್ಪಟ್ಟ ಏನೇ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು. ಬೀದರು ಆಗ ನಿಜಾಮನದು, ಕಾಯಿದೆ ಇಲ್ಲಿಗೆ ಬರುತ್ತಿರಲಿಲ್ಲ. ಆ ಕಾಯಿದೆಯ ಕಣ್ಣಿನಲ್ಲಿ ನಿಧಿ ಎಂದರೆ ಬೆಲೆ ಕಟ್ಟಬಹುದಾದದ್ದು. ಆದರೆ ಬೀದರಿನಲ್ಲಿ ಹಾಳಿನ ನೆಲದಿಂದ ಇವತ್ತಿಗೂ ಒಂದು ವಸ್ತು ತೆಗೆಯುತ್ತಾರೆ, ಅದಕ್ಕೆ ಯಾವ ಕಲೆಕ್ಟರೂ ಬೆಲೆ ಕಟ್ಟಲಾರ. ಬಿದರಿ ಕೆಲಸದವರು ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸುತ್ತಾರೆ. ಆಗ ಬೆಳ್ಳಿಯೂ ಲೋಹವೂ ಹೆಚ್ಚು ಕಡಿಮೆ ಒಂದೇ ಬಣ್ಣ, ಚಿತ್ರ ಕಾಣುವುದೇ ಇಲ್ಲ. ಕೋಟೆಯ ಹಳೆಯ ಕಟ್ಟಡಗಳ ಒಳಗೆ, ಮಳೆ ಬಿಸಿಲು ತಾಗದೆ ಬಿದ್ದ ಮಣ್ಣನ್ನು ತಂದು, ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ ಅದರಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿದು ಹೂವು ಬಳ್ಳಿ ಮೇಲೆದ್ದು ಬರುತ್ತವೆ. ಯಾವ ಮೂಲೆಯ ಮಣ್ಣು ಒಳ್ಳೆಯದು ಎಂದು ತಿಳಿಯಲು ಅವರು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟು ನೋಡುತ್ತಾರೆ.